ರಾಮಲಿಂಗಪ್ಪ ಬರೆದ ಹಳದಿ ಬೋರ್ಡು

ಮುಧೋಳದಲ್ಲಿ ಬೋರ್ಡು ಬರೆಯುವ ರಾಮಲಿಂಗಪ್ಪನಿಗೆ ಬರುವ ಇಂಗ್ಲಿಷು ಬೋರ್ಡಿನಷ್ಟೇ ಅಗಲ. ಬಂದಷ್ಟು ಮಾತ್ರ ಗಟ್ಟಿ. ಅವನ ಅಂಗಡಿಯ ಪಕ್ಕದಲ್ಲೇ ಟ್ಯೂಷನ್ ನಡೆಸುವ ನಾನು ಇಂಗ್ಲಿಷ್ ಎಂ.ಎ. ಮಾಡಿದವನು. ಆದರೂ ಒಮ್ಮೆ ‘ಕಾಷನ್’, ‘ಡೇಂಜರ್’ ಎರಡೂ ಹೆಚ್ಚುಕಡಿಮೆ ಒಂದೇ ಎಂದುಬಿಟ್ಟೆ. ಅವನು ಕುಂಚ ಕೆಳಗಿಟ್ಟ.

“ಒಂದ ಹೆಂಗಾದೀತ್ರಿ ಸರ? ಕಾಷನ್ ಅಂದ್ರ ನೋಡಕೊಂಡ ಬಾ. ಡೇಂಜರ್ ಅಂದ್ರ ಬರಬ್ಯಾಡ. ಒಂದು ಹಳದಿ, ಒಂದು ಕೆಂಪು. ನಮ್ಮ ಶೈಲಾಗ ಸೈತ ಗೊತ್ತೈತಿ.”

ಶೈಲಾ ಅವನ ಒಬ್ಬಳೇ ಮಗಳು. ಬಣ್ಣದ ಡಬ್ಬಿಗಳ ನಡುವೆ ಬೆಳೆದು, ಅಪ್ಪನ ಬೋರ್ಡು ನೋಡಿಯೇ ಅಕ್ಷರ ಕಲಿತವಳು. ಹೋದ ವರ್ಷ ಗಲಗಲಿ ಕಡೆಯ ಹೊಳೆದಂಡೆಯ ಒಂದು ಊರಿಗೆ ಮದುವೆ ಮಾಡಿಕೊಟ್ಟಿದ್ದ.

ಈ ಬೇಸಿಗೆಯಲ್ಲಿ ಅದೇ ಊರಿನ ಬಾಳಾಸಾಹೇಬ ಬೋರ್ಡು ಬರೆಸಲು ಬಂದ. ಜನ ಮೀಯುವ, ಬಟ್ಟೆ ಒಗೆಯುವ ಜಾಗದಲ್ಲೇ ಯಾರೋ ಉಸುಕು ತೆಗೆದು ಆಳುದ್ದ ಗುಂಡಿಗಳಾಗಿದ್ದವು. ನೀರು ಬಂದರೆ ಅವು ಕಾಣುವುದಿಲ್ಲ. ಕೇಳಿದ್ದೇ ತಡ, ರಾಮಲಿಂಗಪ್ಪ ಕೆಂಪು ಡಬ್ಬಿಗೆ ಕೈ ಹಾಕಿದ.

“ಏ, ಕೆಂಪು ಬ್ಯಾಡಪಾ,” ಎಂದ ಬಾಳಾಸಾಹೇಬ. “ಡೇಂಜರ್ ಅಂತ ಬರದ್ರ ಅಮಾಸಿ ಜಳಕಕ್ಕ ಯಾರ ಬರತಾರ? ದಂಡಿ ಮ್ಯಾಲ ನನ್ನ ಅಂಗಡಿ ಅದಾವು. ಹಳದಿ ಹಚ್ಚು, ಕಾಷನ್ ಬರಿ.”

ಮಗಳು ಬಾಳುವ ಊರು, ದೊಡ್ಡ ಮನುಷ್ಯನ ಮಾತು. ರಾಮಲಿಂಗಪ್ಪ ಬರೆದುಕೊಟ್ಟ. ನಾನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ, ತುಟಿ ಬಿಚ್ಚಲಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೇ ಇದೆ.

ಆಷಾಢದಲ್ಲಿ ಹೊಳೆ ತುಂಬಿತು. ರಾಮಲಿಂಗಪ್ಪನಿಗೆ ಊಟ ಸೇರದಾಯಿತು. “ಶೈಲಾನ ಮನ್ಯಾಗ ನಳ ಐತಿ, ಆಕಿ ಹೊಳಿಗೆ ಹೋಗಾಂಗಿಲ್ಲ ಬಿಡ್ರಿ,” ಎಂದು ನನಗೆ ಹೇಳಿ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ. ನಾಳೆ ಹೋಗಿ ಕೆಂಪು ಬಳಿದು ಬರುತ್ತೇನೆ ಎನ್ನುತ್ತಿದ್ದ. ಬಾಳಾಸಾಹೇಬನ ಮುಖ ನೆನಪಾಗಿ ಕೂತುಬಿಡುತ್ತಿದ್ದ. ಹೀಗೇ ನಾಲ್ಕು ದಿನ ಹೋದವು. ಐದನೆಯ ದಿನ ಬೆಳಿಗ್ಗೆ ಶೈಲಾಳ ಫೋನ್ ಬಂತು. ಸ್ಪೀಕರ್ ಹಾಕಿಯೇ ಮಾತಾಡುವ ಚಟ ಅವನಿಗೆ.

“ಅಪ್ಪಾ, ಎರಡ ದಿನ ಆತು ನಳದಾಗ ನೀರ ಬಂದಿಲ್ಲ. ಹಾಸಿಗಿ ಒಗ್ಯಾಕ ಹೊಳಿಗೆ ಹೊಂಟೇವಿ. ಅತ್ತಿ ಅಂಜಾಕತ್ತಿದ್ರು. ನಮ್ಮಪ್ಪ ಬರದ ಬೋರ್ಡ್ ಐತಿ, ಇಳೀಬಾರದಂಗಿದ್ರ ಅಂವ ಕೆಂಪು ಹಚ್ಚತಿದ್ದ ಅಂತ ಹೇಳೇನಿ. ಆಮ್ಯಾಲ ಮಾಡತೇನಿ.”

“ಬ್ಯಾಡವ್ವಾ” ಎನ್ನುವಷ್ಟರಲ್ಲಿ ಕಟ್ಟಾಗಿತ್ತು. ಮತ್ತೆ ಮತ್ತೆ ಫೋನ್ ಹಚ್ಚಿದ. ಬಹಳ ಹೊತ್ತಿನ ಮೇಲೆ ಎತ್ತಿದ್ದು ಶೈಲಾಳ ಮಾವ ಸಾತಪ್ಪ. “ಫೋನ್ ಮನ್ಯಾಗ ಬಿಟ್ಟ ಹೋಗ್ಯಾರ್ರಿ ಬೀಗರ. ಯಾಕ್ರಿ?”

“ಓಡ್ರಿ! ಹೊಳಿಗೆ ಇಳಿಗೊಡಬ್ಯಾಡ್ರಿ!”

ಸಾತಪ್ಪ ಫೋನ್ ಕೈಯಲ್ಲಿ ಹಿಡಿದೇ ಓಡಿದ. ಅವನ ಏದುಸಿರು, ಯಾವುದೋ ನಾಯಿ ಬೊಗಳಿದ್ದು, ಆಮೇಲೆ ನೀರಿನ ಮೊರೆತ ನಮಗೆ ಕೇಳಿಸಿತು. ಅದರೊಳಗಿಂದ ಅತ್ತೆ ಅನ್ನವ್ವನ ದನಿ ಮೇಲೆದ್ದಿತು.

“ನಿಮ್ಮಪ್ಪ ಬರದಾನಂತ ಮುಂದ ಇಳದ್ಯಲ್ಲ ನನ್ನವ್ವಾ! ಎಲ್ಲಿ ಹೋದೆ ಶೈಲಾ!”