ನಾನು ಸ್ಯಾನ್ ಹೋಸೆಯಲ್ಲಿರಲಿಲ್ಲ

ನನ್ನ ಗೆಳತಿ ಚಂದ್ರಿಕಾ ರಾಕ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಾಗ, ದಿನ ತುಂಬುವ ಮೊದಲೇ ಅವಳಿಗೆ ಹೆರಿಗೆಯ ನೀರು ಒಡೆಯಿತು. ಆಗ ನಾನು, ಅವಳಿಗೆ ಹೇಳಿದ್ದ ಹಾಗೆ, ಆಫೀಸಿನ ಟ್ರೇನಿಂಗಿಗೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರಲಿಲ್ಲ. ಮೆಡಿಟರೇನಿಯನ್ ಸಮುದ್ರದ ಗೋಜೋ ಎಂಬ ಪುಟ್ಟ ದ್ವೀಪದಲ್ಲಿ, ಬಿಸಿ ಬಂಡೆಯ ಮೇಲೆ ಒದ್ದೆ ಕೂದಲು ಹರಡಿಕೊಂಡು ಕೂತಿದ್ದೆ. ಸಂತೋಷವಾಗಿದ್ದೆ — ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಹೇಳಿಯೂ ಪ್ರಯೋಜನವಿಲ್ಲ. ಅವಳು ಫೋನ್ ಮಾಡಿದಳು. ನಾನು ಸುಳ್ಳು ಹೇಳಿದೆ. ಆ ಸುಳ್ಳಿನ ಜೊತೆ ಮೂರು ವರ್ಷ ಅವಳ ಮನೆಗೆ ಹೋಗಿ ಬಂದು ಮಾಡಿದೆ.

ನಾವಿಬ್ಬರೂ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದವರು. ಅಮೆರಿಕಕ್ಕೆ ಬಂದ ಮೇಲೆ ಅವಳಿಗೆ ವಾಷಿಂಗ್‌ಟನ್ ಪಕ್ಕದ ರಾಕ್‌ವಿಲ್‌ನಲ್ಲಿ ಕೆಲಸ ಸಿಕ್ಕಿತು. ನಾನು ಶ್ರೀಧರನನ್ನು ಮದುವೆಯಾಗಿ ಅಟ್ಲಾಂಟಾ ಹತ್ತಿರದ ಡುಲುತ್‌ಗೆ ಬಂದೆ. ಅವಳು ಆರು ತಿಂಗಳ ಬಸುರಿಯಾಗಿದ್ದಾಗ ಗಂಡ ಪ್ರಸನ್ನ, ತನ್ನ ಅಪ್ಪ ತೀರಿಕೊಂಡರೆಂದು ಬೆಂಗಳೂರಿಗೆ ಓಡಿದ. ಹೋದವನು ಅಲ್ಲೇ ಸಿಕ್ಕಿಬಿದ್ದ. ತಿರುಗಿ ಬರಲು ಪಾಸ್‌ಪೋರ್ಟಿಗೆ ಹೊಸ ವೀಸಾ ಸ್ಟ್ಯಾಂಪ್ ಬೀಳಬೇಕು, ಅದರ ಇಂಟರ್‌ವ್ಯೂಗೆ ತಾರೀಖೇ ಸಿಗುತ್ತಿಲ್ಲ. ಅವಳ ಅಮ್ಮನೂ ವೀಸಾಗಾಗಿ ಅದೇ ಸಾಲಿನಲ್ಲಿ ಕಾಯುತ್ತಿದ್ದರು. ಬಸುರಿ ಹೆಂಗಸು, ಮೂರನೇ ಮಹಡಿಯ ಮನೆ, ಒಬ್ಬಳೇ.

"ನಾನಿದ್ದೀನಲ್ಲ," ಎಂದಿದ್ದೆ. "ನೀನು ಯಾವಾಗ ಕರೆದ್ರೂ ಬಂದುಬಿಡ್ತೀನಿ."

ಅವಳು ಅದನ್ನು ನಂಬಿದಳು. ಆಸ್ಪತ್ರೆಯ ಫಾರಂನಲ್ಲಿ, ಹೆರಿಗೆ ಕೋಣೆಯಲ್ಲಿ ಜೊತೆಗಿರುವವರು ಎಂಬ ಜಾಗದಲ್ಲಿ ನನ್ನ ಹೆಸರು ಬರೆದಳು. ದಿನ ತುಂಬುವ ಮೂರು ವಾರ ಮೊದಲೇ ನಾನು ಅಲ್ಲಿಗೆ ಹೋಗಿ, ಅವಳ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವುದೆಂದು ಮಾತಾಗಿತ್ತು.

ಆ ತಿಂಗಳುಗಳಲ್ಲೇ ನಮಗೆ ಅಮೆರಿಕದ ಪೌರತ್ವ ಬಂತು. ಶ್ರೀಧರ ಓದಲೆಂದು ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು. ನೀಲಿ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದ ದಿನ ನಾವಿಬ್ಬರೂ ಅದನ್ನು ತಿರುಗಿಸಿ ಮುರುಗಿಸಿ ನೋಡಿದೆವು. ಮೊದಲೆಲ್ಲ ಎಲ್ಲಿಗಾದರೂ ಹೋಗಬೇಕೆಂದರೆ ವೀಸಾಗಾಗಿ ಬ್ಯಾಂಕಿನ ಪತ್ರ, ಆಫೀಸಿನ ಪತ್ರ, ಹೋಟೆಲಿನ ಪತ್ರ, ಫೋಟೋ ಸೈಜ್ ತಪ್ಪಾಗಿದೆ ಎಂದು ವಾಪಸ್ — ಎರಡು ಸಲ ಹೊರಟು ಎರಡು ಸಲವೂ ಕೈಬಿಟ್ಟಿದ್ದೆವು. ಈಗ ಸುಮ್ಮನೆ ಹೊರಡಬಹುದು. ಸುಮ್ಮನೆ. ಆ ಮಾತೇ ನಮಗೆ ಅಮಲಿನಂತೆ ಏರಿತ್ತು.

ಒಂದು ಮಧ್ಯಾಹ್ನ ಶ್ರೀಧರ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಫೋನ್ ತೋರಿಸಿದ. ಮಾಲ್ಟಾಕ್ಕೆ ನಂಬಲಾಗದಷ್ಟು ಅಗ್ಗದ ಟಿಕೆಟ್. ಎರಡು ಕಡೆ ವಿಮಾನ ಬದಲಿಸಬೇಕು, ಒಬ್ಬರಿಗೆ ಒಂದೇ ಬೆನ್ನಚೀಲ, ಸೀಟು ಅಕ್ಕಪಕ್ಕ ಸಿಗುವ ಭರವಸೆಯಿಲ್ಲ. ಅಲ್ಲಿಂದ ದೋಣಿ ಹತ್ತಿದರೆ ಗೋಜೋ. ಬೇಕರಿಯೊಂದರ ಮೇಲಿನ ಕೋಣೆ ಖಾಲಿಯಿದೆ. ಎಂಟು ದಿನ. ಚಂದ್ರಿಕಾಳ ಹೆರಿಗೆಗೆ ಇನ್ನೂ ಐದು ವಾರವಿತ್ತು.

"ಚಂದ್ರಿಕಾಗೆ ಹೇಳಿದ್ಯಾ?" ಎಂದು ಮರುದಿನ ಬುಕ್ ಮಾಡುವ ಮೊದಲು ಶ್ರೀಧರ ಕೇಳಿದ.

"ಹೇಳಿದೆ. ಹೋಗಿ ಬಾ ಅಂದ್ಲು."

ಹೇಳಿರಲಿಲ್ಲ. ಅವಳಿಗೆ ಹೇಳಿದ್ದು ಸ್ಯಾನ್ ಹೋಸೆಯ ಕಥೆ — ಆ ವಾರ ಟ್ರೇನಿಂಗ್ ಇದೆ, ಕಡ್ಡಾಯ ಅಂತೆ, ಮುಗಿಸಿಕೊಂಡು ನಿನ್ನ ಹತ್ತಿರ ಬರ್ತೀನಿ ಎಂದು. ಯಾಕೆ? ಒಂದು ಸ್ಟ್ಯಾಂಪಿಗಾಗಿ ಅವಳ ಗಂಡ ಅಲ್ಲಿ ಸಿಕ್ಕಿಕೊಂಡಿರುವಾಗ ನಾನು ಹೊಸ ಪಾಸ್‌ಪೋರ್ಟ್ ಹಿಡಿದು ವಿಹಾರಕ್ಕೆ ಹೊರಟೆ ಎಂದು ಹೇಳಲು ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ, ಅವಳು ಎಲ್ಲಿ "ಈಗ ಬೇಡ ಕಣೆ" ಅಂದುಬಿಡುತ್ತಾಳೋ ಎಂಬ ಹೆದರಿಕೆ. ನಮಗೆ ಮಕ್ಕಳಿಲ್ಲದ್ದರಿಂದ ಹೆರಿಗೆ ಕೋಣೆ ನೋಡಲು ಮನಸ್ಸಾಗಲಿಲ್ಲವೇನೋ ಎಂದು ಯಾರಾದರೂ ನನ್ನ ಪರವಾಗಿ ಊಹಿಸಬಹುದು. ಅಲ್ಲ. ನನಗೆ ಹೋಗಬೇಕಿತ್ತು. ಅಷ್ಟೇ.

ಹೋದೆವು. ಎಂಥ ದಿನಗಳವು! ವಿಮಾನದಿಂದ ಇಳಿದು ಬಸ್ಸು ಹತ್ತಿದರೆ ಅದು ರಸ್ತೆಯ ಎಡಗಡೆ ಓಡುತ್ತಿತ್ತು, ನಮ್ಮೂರಿನ ಹಾಗೆ. ಶ್ರೀಧರ ಕಿಟಕಿಗೆ ಮುಖ ಒತ್ತಿ ಕೂತವನು ಕೊನೆಯ ಸ್ಟಾಪಿನವರೆಗೂ ತಿರುಗಲಿಲ್ಲ. ಗೋಧಿ ರೊಟ್ಟಿಯ ಬಣ್ಣದ ಕಲ್ಲಿನ ಮನೆಗಳು; ಬೇಲಿಗುಂಟ ಪಾಪಸುಕಳ್ಳಿ, ಅದರ ತುಂಬ ಕೆಂಪು ಹಣ್ಣು. ಮನೆಯೊಡತಿ ಕಾರ್ಮೆನ್ ಮುಳ್ಳು ತೆಗೆದು, ಹೆಚ್ಚಿ, ತಟ್ಟೆಯಲ್ಲಿಟ್ಟು ಕೊಟ್ಟಳು. ಬೆಳಗಿನ ಜಾವ ಕೆಳಗಿನ ಒಲೆಯಿಂದ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬಂದು ನಮ್ಮನ್ನು ಎಬ್ಬಿಸುತ್ತಿತ್ತು. ಬಿಸಿ ಬ್ರೆಡ್ಡಿಗೆ ಆಲಿವ್ ಎಣ್ಣೆ ಸುರಿದು, ಮನೆಯಿಂದ ತಂದ ಚಟ್ನಿಪುಡಿ ಉದುರಿಸಿ ತಿಂದೆವು. ಕಾರ್ಮೆನ್‌ಗೂ ಕೊಟ್ಟೆ, ಅವಳ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚಮಚ ಕೇಳಿದಳು.

ಬಾಡಿಗೆ ಕಾರು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ನಡೆದೆವು, ಬಸ್ಸು ಹಿಡಿದೆವು, ತಪ್ಪು ಬಸ್ಸು ಹತ್ತಿ ಯಾವುದೋ ಹಳ್ಳಿಯ ಚರ್ಚಿನ ಮುಂದೆ ಇಳಿದು ನಕ್ಕೆವು. ಸಮುದ್ರದಂಚಿನ ಬಂಡೆಯಲ್ಲಿ ಸಾಲಾಗಿ ಕೊರೆದ ಉಪ್ಪಿನ ಗುಂಡಿಗಳನ್ನು ನೋಡುತ್ತ ಅರ್ಧ ದಿನ ಕಳೆದೆವು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಶ್ರೀಧರ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾಲ್ಕನೆಯ ದಿನ, ಗುರುವಾರ. ನಾನು ಡುಲುತ್‌ನ ಈಜುಕೊಳದಲ್ಲಿ, ಮಕ್ಕಳ ಕ್ಲಾಸಿನ ಪಕ್ಕದ ಲೇನಿನಲ್ಲಿ, ಮೂವತ್ತೆಂಟನೆಯ ವಯಸ್ಸಿಗೆ ಈಜು ಕಲಿತವಳು. ಸಮುದ್ರಕ್ಕೆ ಇಳಿದಿರಲಿಲ್ಲ. ಆ ಮಧ್ಯಾಹ್ನ ಶ್ರೀಧರ ಬೆನ್ನ ಕೆಳಗೆ ಕೈ ಕೊಟ್ಟು ನಿಂತ, ಆಮೇಲೆ ಹೇಳದೆ ಕೈ ತೆಗೆದ. ನಾನು ತೇಲುತ್ತಿದ್ದೆ. ಕಿವಿಯೊಳಗೆ ನೀರಿನ ಗುಂಯ್‌ಗುಡುವಿಕೆ, ಮೇಲೆ ಬರೀ ನೀಲಿ. ದಡಕ್ಕೆ ಬಂದು ಬಂಡೆಯ ಮೇಲೆ ಕೂತಾಗ ಮೈ ನಡುಗುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ.

ಆಗ ಫೋನ್ ಬಂತು.

"ವೀಣಾ, ವಾಟರ್ ಬ್ರೇಕ್ ಆಯ್ತು ಕಣೆ. ಲಿಲ್ಲಿ ಆಂಟಿ ಕಾರ್ ತೆಗೀತಿದಾರೆ. ನೀನು ಎಷ್ಟೊತ್ತಿಗೆ ಬರ್ತೀಯ?"

ಲಿಲ್ಲಿ ಆಂಟಿ ಎಂದರೆ ಅವಳ ಪಕ್ಕದ ಮನೆಯವರು, ಉಡುಪಿ ಕಡೆಯವರು, ಎಪ್ಪತ್ತು ದಾಟಿದವರು. ಚಂದ್ರಿಕಾ ಕೇಳಿದ್ದು ಬರ್ತೀಯಾ ಎಂದಲ್ಲ — ಎಷ್ಟೊತ್ತಿಗೆ ಎಂದು.

"ನಾನು ಸ್ಯಾನ್ ಹೋಸೆಯಲ್ಲಿದೀನಲ್ಲೇ," ಎಂದೆ. "ಟ್ರೇನಿಂಗ್ ಮಧ್ಯೆ ಬಿಡಲ್ವಂತೆ. ಮುಂದಿನ ವಾರಕ್ಕೆ ಮುಂಚೆ ಬರೋಕಾಗಲ್ಲ."

ಅವಳೇ ನನಗೆ ಸಮಾಧಾನ ಹೇಳಿದಳು. ಹೋಗ್ಲಿ ಬಿಡು, ಕೆಲಸಕ್ಕೆ ತೊಂದರೆ ಮಾಡ್ಕೋಬೇಡ, ಆಂಟಿ ಇದಾರಲ್ಲ ಎಂದಳು. ಫೋನ್ ಇಟ್ಟಳು.

ಶ್ರೀಧರ ಇನ್ನೂ ನೀರಿನಲ್ಲಿದ್ದ. ನಾನು ಒದ್ದೆ ಬೆರಳಿನಿಂದ ವಿಮಾನಗಳನ್ನು ಹುಡುಕಿದೆ. ಮರುದಿನ ಬೆಳಿಗ್ಗೆ ಒಂದು ಸೀಟಿತ್ತು. ಅಲ್ಲಿನ ಮಧ್ಯಾಹ್ನದ ಹೊತ್ತಿಗೆ ವಾಷಿಂಗ್‌ಟನ್ ತಲುಪುತ್ತಿತ್ತು. ಅದನ್ನು ನಾನು ನೋಡಿದೆ, ನೋಡಲಿಲ್ಲ ಎನ್ನಲಾರೆ. ತಲುಪುವಷ್ಟರಲ್ಲಿ ಹೆರಿಗೆ ಆಗಿಯೇ ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಫೋನ್ ಚೀಲಕ್ಕೆ ಹಾಕಿದೆ. ಶ್ರೀಧರ ಬಂದು ಯಾರ ಫೋನು ಎಂದು ಕೇಳಿದ. ಆಫೀಸಿನದು ಎಂದೆ. ಮರುದಿನ ಪಕ್ಕದ ದ್ವೀಪಕ್ಕೆ ದೋಣಿಯಲ್ಲಿ ಹೋಗುವುದಿತ್ತು.

ದೋಣಿಯಲ್ಲಿ ಹೋದೆ. ಬರೆಯಲು ಅತಿ ಕಷ್ಟವಾಗುತ್ತಿರುವುದು ಈ ಸಾಲು — ನಾನು ಇಡೀ ದಿನ ಕೊರಗಲಿಲ್ಲ. ಗಾಳಿಗೆ ಮುಖ ಕೊಟ್ಟು ನಿಂತಾಗ, ನೀರಿನ ತಳದ ಬಿಳಿ ಮರಳು ಕಂಡಾಗ, ಗಂಟೆಗಟ್ಟಲೆ ಚಂದ್ರಿಕಾಳ ನೆನಪೇ ಇರಲಿಲ್ಲ. ದಡಕ್ಕೆ ಬಂದು ನೋಡಿದರೆ ಅವಳ ಮೂರು ಮಿಸ್ಡ್ ಕಾಲ್. ಮೀಟಿಂಗ್‌ನಲ್ಲಿದ್ದೆ ಎಂದು ಮೆಸೇಜ್ ಕಳಿಸಿದೆ.

ನೋವು ಮೂವತ್ತು ಗಂಟೆ ದಾಟಿತು. ಕೊನೆಗೆ ಆಪರೇಷನ್ ಮಾಡಿ ಮಗುವನ್ನು ತೆಗೆದರು, ಅಲ್ಲಿನ ಶುಕ್ರವಾರ ಸಂಜೆ. ನಾನು ಬಿಟ್ಟ ಆ ವಿಮಾನ ವಾಷಿಂಗ್‌ಟನ್ನಿನಲ್ಲಿ ಇಳಿದು ಆಗ ಮೂರು ಗಂಟೆ ಕಳೆದಿತ್ತು.

ಊರಿಗೆ ಬಂದವಳೇ ಶ್ರೀಧರನಿಗೆ, ಈಗಷ್ಟೇ ಸುದ್ದಿ ಬಂತು ಎಂದೆ. ಮರುದಿನ ರಾಕ್‌ವಿಲ್‌ಗೆ ಹಾರಿದೆ. ಚಂದ್ರಿಕಾ ಮಲಗಿದ್ದಲ್ಲಿಂದಲೇ ಕೈ ಚಾಚಿದಳು. ನನ್ನ ಮುಖ ಬಿಸಿಲಿಗೆ ಸುಟ್ಟಿದ್ದನ್ನು ನೋಡಿ, ಕ್ಯಾಲಿಫೋರ್ನಿಯಾ ಬಿಸಿಲು ಜೋರು ಎಂದಳು. ಬರೋದಕ್ಕೆ ನೀನು ಎಷ್ಟು ಒದ್ದಾಡಿರ್ತೀಯ ನಂಗೊತ್ತು ಎಂದಳು. ನಾನು ಮಗುವಿನ ಬಟ್ಟೆ ಮಡಿಸತೊಡಗಿದೆ. ಆರು ವಾರ ಅಲ್ಲೇ ಇದ್ದು ಬಾಣಂತನ ಮಾಡಿದೆ. ಅಷ್ಟು ಚೆನ್ನಾಗಿ ಬಾಣಂತನ ಮಾಡಿದ್ದು ಪ್ರೀತಿಯಿಂದಲೋ ಭಯದಿಂದಲೋ ನನಗೆ ಈಗಲೂ...

ಪ್ರಸನ್ನ ಬಂದ ಮೇಲೆ ನಾಮಕರಣ ಇಟ್ಟರು. ಅವನಿಗೆ ಅಕ್ಕ ತಂಗಿಯರಿಲ್ಲ. ಮಗುವಿನ ಸೋದರತ್ತೆ ವೀಣಾನೇ ಎಂದು ಚಂದ್ರಿಕಾ ಎಲ್ಲರೆದುರು ಹೇಳಿ, ಮಗುವನ್ನು ನನ್ನ ತೊಡೆಗೆ ಹಾಕಿದಳು. ಆ ಪುಟ್ಟ ಕಿವಿಯಲ್ಲಿ ಮೂರು ಸಲ ಇಳಾ, ಇಳಾ, ಇಳಾ ಎಂದೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹೆರಿಗೆಗೆ ಬರಲಾಗದೆ ಒದ್ದಾಡಿದ ಪ್ರಸನ್ನನ ಮುಂದೆ ನಮ್ಮ ಪ್ರವಾಸದ ಮಾತು ಬೇಡ ಎಂದು ಶ್ರೀಧರನಿಗೂ ಹೇಳಿಟ್ಟಿದ್ದೆ. ಮೂರು ವರ್ಷ ಹೀಗೇ ಕಳೆಯಿತು.

ಹೋದ ತಿಂಗಳು ಚಂದ್ರಿಕಾ ಫೋನ್ ಮಾಡಿದಳು. ಅವರು ವಿಲ್ ಬರೆಸುತ್ತಿದ್ದರು. ತಮ್ಮಿಬ್ಬರಿಗೂ ಏನಾದರೂ ಆದರೆ ಇಳಾಳನ್ನು ಸಾಕುವವರು ಯಾರೆಂದು ಅದರಲ್ಲಿ ಹೆಸರು ಹಾಕಬೇಕಂತೆ. ನಿನ್ನ ಹೆಸರು, ಶ್ರೀಧರನ ಹೆಸರು ಹಾಕಿಸಿದೀನಿ ಎಂದಳು. "ಕಷ್ಟ ಅಂದ್ರೆ ನಂಗೆ ಮೊದಲು ನೆನಪಾಗೋದು ನೀನೇ ತಾನೆ."

ಇಲ್ಲ ಎನ್ನಲಾಗಲಿಲ್ಲ, ಹೂಂ ಎನ್ನಲೂ ಆಗಲಿಲ್ಲ. ನಾವೇ ಬರ್ತೀವಿ ಎಂದೆ. ಶನಿವಾರ ಕಾರಿನಲ್ಲಿ ಹೊರಟೆವು. ಸೌತ್ ಕ್ಯಾರೊಲೈನಾದಲ್ಲಿ ಹೈವೇ ಪಕ್ಕ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ಕಾಣುವ ಜಾಗದಲ್ಲಿ ನಾನು ಶ್ರೀಧರನಿಗೆ ಎಲ್ಲ ಹೇಳಿದೆ. ಅವನು ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿದ. ಆ ಪ್ರವಾಸ ಅವನ ಜೀವನದ ಅತಿ ಒಳ್ಳೆಯ ವಾರ ಎಂದು ಎಷ್ಟೋ ಸಲ ಹೇಳಿದ್ದ. "ಅದನ್ನೂ ಕಿತ್ಕೊಂಡುಬಿಟ್ಟೆ ನೀನು," ಎಂದ. ವರ್ಜೀನಿಯಾದಲ್ಲಿ, ಅವಳಿಗೆ ನೀನೇ ಹೇಳಬೇಕು, ನಾನು ಮಧ್ಯೆ ಬಾಯಿ ಹಾಕಲ್ಲ ಎಂದ.

ಭಾನುವಾರ ಬೆಳಿಗ್ಗೆ ಗಂಡಸರಿಬ್ಬರೂ ಇಳಾಳನ್ನು ಪಾರ್ಕಿಗೆ ಕರೆದುಕೊಂಡು ಹೋದರು. ಅಡುಗೆಮನೆಯಲ್ಲಿ ಚಂದ್ರಿಕಾ ಬೀನ್ಸ್ ಹೆಚ್ಚುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ವಿಮಾನದ ಸೀಟಿನ ವಿಷಯವನ್ನೂ ಬಿಡಲಿಲ್ಲ. ಅವಳು ಚಾಕು ಕೆಳಗಿಟ್ಟಳು. ಕೇಳಿದ್ದು ಒಂದೇ.

"ಚೆನ್ನಾಗಿತ್ತಾ?"

ಇಲ್ಲ ಎನ್ನಬಹುದಿತ್ತು. ನಿನ್ನ ನೆನಪಿನಲ್ಲಿ ಏನೂ ಸೇರಲಿಲ್ಲ ಎನ್ನಬಹುದಿತ್ತು.

"ಚೆನ್ನಾಗಿತ್ತು," ಎಂದೆ. "ತುಂಬಾ ಚೆನ್ನಾಗಿತ್ತು."

ಅವಳು ತಲೆಯಾಡಿಸಿದಳು. "ಹೇಳಿದ್ರೆ ನಾನೇ ಹೋಗಿ ಬಾ ಅಂತಿದ್ದೆ ಕಣೆ. ಆ ವಾರಕ್ಕೆ ಬೇರೆ ಯಾರನ್ನಾದ್ರೂ ಕೇಳ್ಕೋತಿದ್ದೆ. ನೀನು ಅದಕ್ಕೂ ಬಿಡಲಿಲ್ಲ." ಆಮೇಲೆ ಮೇಜಿನ ಮೇಲಿದ್ದ ವಿಲ್‌ನ ಕಾಗದಗಳನ್ನು ಎತ್ತಿ ಒಳಗಿಟ್ಟಳು. ಊಟ ಮಾಡಿಕೊಂಡು ಹೊರಡಿ ಎಂದಳು, ಬಡಿಸಿದಳು. ಇಳಾ ನನ್ನ ತಟ್ಟೆಯಿಂದ ಹಪ್ಪಳ ಎತ್ತಿಕೊಂಡು, "ಅತ್ತೆ, ಶೇರ್ ಮಾಡೋಣ?" ಎಂದು ಕೇಳಿದಾಗ ಚಂದ್ರಿಕಾ ಮುಖ ತಿರುಗಿಸಿದಳು.

ಹೊರಟಾಗ ನಾನು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅವತ್ತು ಆಸ್ಪತ್ರೆಯಲ್ಲಿ ಚಂದ್ರಿಕಾಳ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿರಬೇಕಾಗಿದ್ದವಳು ನಾನು ಎಂದು ಲಿಲ್ಲಿ ಆಂಟಿಗೂ ಹೇಳಬೇಕಿತ್ತು. ಸಕ್ಕರೆ ಕಾಯಿಲೆಯ ಜೀವ, ಸರಿಯಾಗಿ ಊಟವಿಲ್ಲದೆ ಅಷ್ಟು ಹೊತ್ತು ಕೂತಿದ್ದರು. ಅವರು ಬಾಗಿಲಲ್ಲೇ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ.

"ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ನೋಡ್ತಿದ್ಲು ಮಾರಾಯ್ತಿ," ಎಂದರು. "ನರ್ಸ್ ಬಂದ್ರೂ, ಡಾಕ್ಟ್ರು ಬಂದ್ರೂ. ಹೇಗಾದ್ರೂ ಮಾಡಿ ನೀನು ಬಂದೆ ಅಂತ."

ಇದು ನನಗೆ ಗೊತ್ತಿರಲಿಲ್ಲ. ಚಂದ್ರಿಕಾ ಮೂರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಬರಬಹುದಿತ್ತು ಆಂಟಿ," ಎಂದೆ. "ಬರಲಿಲ್ಲ."

ಅದರ ಮುಂದೆ ಒಂದು "ಆದರೆ" ಸೇರಿಸಲು ಬಾಯಿ ತೆರೆದೆ. ಸೇರಿಸಲಿಲ್ಲ.