ಗಟಾರ ತುಂಬಿದ ರವಿವಾರ

ಚಿಂತೆ ಮಾಡುವುದರಲ್ಲಿ ನನಗೆ ಮೂವತ್ತು ವರ್ಷಗಳ ಅನುಭವವಿದೆ. ಬೆಳಿಗ್ಗೆ ಎದ್ದಾಗ ಚಿಂತೆಗೆ ಏನೂ ಸಿಗದಿದ್ದರೆ, ಯಾವುದೋ ಮುಖ್ಯವಾದದ್ದನ್ನು ಮರೆತಿದ್ದೇನೆಂದು ಚಿಂತಿಸುತ್ತೇನೆ. ಇಷ್ಟು ನುರಿತವನಾದರೂ, ಬೊಂಬಾಯಿಯ ಸಯನ್‌ನಲ್ಲಿ ಮನೆ ಕಟ್ಟಿಸಿದ ಮೇಲೆ ಆರು ವರ್ಷ, ಅದರ ನೀರು ಎಲ್ಲಿಗೆ ಹೋಗುತ್ತದೆಂದು ಒಂದು ನಿಮಿಷವೂ ಚಿಂತಿಸಿರಲಿಲ್ಲ. ತಪ್ಪು ನನ್ನೊಬ್ಬನದಲ್ಲ. ಆಚಮನಕ್ಕೆ ಅಂಗೈಯಲ್ಲಿ ಉದ್ದಿನ ಕಾಳು ಮುಳುಗುವಷ್ಟು ನೀರಿರಬೇಕೆಂದು ಅಳೆದು ಹೇಳಿದ ನಮ್ಮ ಶಾಸ್ತ್ರಕಾರರು, ಮಿಂದು ತೊಳೆದು ಚೆಲ್ಲಿದ ಕೊಡಗಟ್ಟಲೆ ನೀರಿನ ಗತಿಯೇನೆಂದು ಬರೆದದ್ದನ್ನು ನಾನು ಕೇಳಿಲ್ಲ. ನಮ್ಮಂಥವರಿಗೆ ಶುದ್ಧಿಯೆಂದರೆ ಕೊಳೆ ನಮ್ಮ ಹೊಸ್ತಿಲು ದಾಟುವುದು. ದಾಟಿ ಯಾರ ಮನೆಗೆ ಹೋಯಿತೆಂದು ಕೇಳುವುದೇ ಮೈಲಿಗೆ.

ನಾವು ಮಹಡಿಯಲ್ಲಿ. ಕೆಳಗಿನ ಖೋಲಿಯಲ್ಲಿ ಬಾಡಿಗೆಗೆ ಕೊರಗಪ್ಪ ಶೆಟ್ಟರು ಮತ್ತು ಅವರ ಹೆಂಡತಿ. ಶೆಟ್ಟರು ಉಡುಪಿ ಕಡೆಯವರು, ಮಾಟುಂಗಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಮನೆಯಲ್ಲಿ ಮೀನು ಬೇಯಿಸಕೂಡದೆಂಬ ನನ್ನ ಷರತ್ತಿಗೆ ಒಪ್ಪಿಯೇ ಬಂದಿದ್ದರು. ಎರಡು ವರ್ಷ ಕೆಳಗಿನಿಂದ ಮೀನಿನ ವಾಸನೆಯೇ ಬರಲಿಲ್ಲ. ಬಂದಿದ್ದರೆ ನಾನು ಬೈದು ನಿಶ್ಚಿಂತನಾಗುತ್ತಿದ್ದೆ. ಬಾರದ್ದರಿಂದ, ವಾಸನೆ ಕೂಡ ಹೊರಬರದಂತೆ ಬೇಯಿಸುವ ಇವರು ಇನ್ನೆಷ್ಟು ಪಾಕಡಾ ಕಿಲಾಡಿಗಳಿರಬೇಕು ಎಂದು ಅನುಮಾನ ಹತ್ತಿತು.

ಒಂದು ರವಿವಾರ ಬೆಳಿಗ್ಗೆ ನಾನು ಮಿಂದ ನೀರು ಶೆಟ್ಟರ ಮೋರಿಯಲ್ಲಿ ಮೇಲೆದ್ದು ಅವರ ಖೋಲಿಗೆ ನುಗ್ಗಿತು.

"ರಾಯರೇ, ನೀರು ಬಿಡಬೇಡಿ ಮಾರಾಯ್ರೆ! ಅಕ್ಕಿ ಡಬ್ಬದ ತನಕ ಬಂದುಂಟು!" ಎಂದು ಶೆಟ್ಟರು ಮೆಟ್ಟಿಲ ಬುಡದಿಂದ ಕೂಗಿದರು.

ಯಾರ ಮನೆ ಮುಳುಗಿತೋ ಅವರೇ ಅಪರಾಧಿಗಳೆಂದು ನಾನು ಕೂಡಲೇ ತೀರ್ಮಾನಿಸಿದೆ. ಗಟಾರ ಕಟ್ಟಿಕೊಂಡದ್ದು ಮೀನಿನ ಮುಳ್ಳಿನಿಂದ. ಆದ್ದರಿಂದ ತಿಂಗಳ ಕೊನೆಗೆ ಖೋಲಿ ಬಿಡತಕ್ಕದ್ದು ಎಂದು ಕಾಗದ ಬರೆದೆ.

"ಮುಳ್ಳು ನೋಡೀರೇನು?" ಎಂದಳು ನನ್ನ ಹೆಂಡತಿ.

"ನೋಡಬೇಕಾಗಿಲ್ಲ."

"ಏಳು ತಿಂಗಳ ಬಸುರಿ ಅದಾಳ್ರೀ ಶೆಟ್ಟರ ಹೇಣ್ತಿ. ಈ ಊರಾಗ ಮತ್ತೊಂದು ಖೋಲಿ ಎಲ್ಲಿ ಹುಡುಕಬೇಕ್ರೀ ಅವರು? ನಿಮಗ ಮೂಗೊಂದ ಅದ, ಕಣ್ಣಿಲ್ಲ."

ಆದರೂ ಕೊಟ್ಟೆ. ಶೆಟ್ಟರು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟರು. "ಮುಳ್ಳು ಸಿಕ್ಕಿದರೆ ಹೋಗ್ತೇವೆ. ಮೊದಲು ಗಟಾರ ತೆಗೆಸುವ" ಎಂದು, ತಾವೇ ಹೋಗಿ ಗಂಗಾರಾಮನನ್ನು ಕರೆತಂದರು. ಆ ಓಣಿಯ ಗಟಾರಗಳನ್ನೆಲ್ಲ ಬಲ್ಲ ಮನುಷ್ಯ ಅವನು; ಹೆಗಲ ಮೇಲೆ ಉದ್ದನೆಯ ಬಿದಿರಿನ ಸೀಳುಗಳು.

ಅವನು ಅಂಗಳದ ಗುಂಡಿಯ ಮುಚ್ಚಳ ತೆಗೆದು ಸೊಂಟದವರೆಗೆ ಇಳಿದ. ಆಜುಬಾಜಿನವರು ಮೂಗಿಗೆ ಧೋತರದ ಚುಂಗು ಹಿಡಿದು ನೆರೆದರು. ಬೊಂಬಾಯಿ ಯಾವ ಪ್ರಾಂತಕ್ಕೆ ಸೇರಬೇಕೆಂದು ಲೋಕಲ್‌ನಲ್ಲಿ ಜನ ಒಬ್ಬರ ಕುತ್ತಿಗೆಪಟ್ಟಿ ಒಬ್ಬರು ಹಿಡಿಯುತ್ತಿದ್ದ ಕಾಲ ಅದು. ಊರು ಎಲ್ಲರಿಗೂ ಬೇಕಿತ್ತು. ಅದರ ಗಟಾರ ಮಾತ್ರ ಯಾವ ಪ್ರಾಂತದವರಿಗೂ ಬೇಕಿದ್ದಂತೆ ಕಾಣಲಿಲ್ಲ. ನಾನು ನಾಲ್ಕನೆಯ ಮೆಟ್ಟಿಲ ಮೇಲೆ ನಿಂತು, ಬಿದಿರನ್ನು ಎಡಕ್ಕೆ ತಿರುಗಿಸು, ಬಲಕ್ಕೆ ಒತ್ತು ಎಂದು ವಿದ್ಯಾದಾನ ಮಾಡುತ್ತಿದ್ದೆ.

"ಸಾಬ್, ಇತ್ನಾ ಮಾಲೂಮ್ ಹೈ ತೋ ನೀಚೇ ಆವೋ" ಎಂದ ಗಂಗಾರಾಮ.

ಅಷ್ಟು ಗೊತ್ತಿದ್ದರೆ ಕೆಳಗೆ ಬಾ ಎಂದು ಕರೆದದ್ದಕ್ಕೆ ನಾನು ಐದನೆಯ ಮೆಟ್ಟಿಲಿಗೆ ಏರಿದೆ.

ಮೊದಲು ತೆಂಗಿನ ನಾರು ಬಂತು. "ನೋಡ್ರಿ, ಹೋಟೆಲಿನವರು!" ಎಂದೆ. ಆಮೇಲೆ ಗುಳುಗುಳು ಸದ್ದಾಗಿ, ಬಿದಿರಿನ ತುದಿಗೆ ಮಗುವಿನ ತಲೆಯಷ್ಟು ದೊಡ್ಡ ಮುದ್ದೆಯೊಂದು ಬಂತು. ಕೊಳೆತ ಹೂವು, ತುಳಸಿಯ ಕಡ್ಡಿ, ಹತ್ತಿಯ ಗೆಜ್ಜೆವಸ್ತ್ರ. ಎಲ್ಲವನ್ನೂ ಬಿಗಿದು ಕಟ್ಟಿದ್ದ ಹಳೆಯ ಜನಿವಾರಗಳು. ನಾಲ್ಕೋ ಐದೋ, ಎಣಿಸುವ ಧೈರ್ಯವಾಗಲಿಲ್ಲ. ಒಂದೇ ಒಂದು ಮುಳ್ಳಿರಲಿಲ್ಲ.

"ಯೇ ಕಿಸ್ಕಾ?" ಎಂದು ಗಂಗಾರಾಮ ಅದನ್ನು ಎತ್ತಿ ಹಿಡಿದ.

ಇದು ಯಾರದೆಂದು ಅವನು ಕೇಳಿದ್ದೇ ತಡ, ಎಲ್ಲರೂ ಬರಿಮೈಯಲ್ಲಿ ನಿಂತಿದ್ದ ನನ್ನ ಎಡ ಹೆಗಲನ್ನು ನೋಡಿದರು. ಆ ಮನೆಯಲ್ಲಿ ಜನಿವಾರವಿದ್ದದ್ದು ಅದೊಂದೇ ಹೆಗಲಿಗೆ.

ವಿಷಯವಿಷ್ಟೆ. ದೇವರಿಗೇರಿಸಿದ ಹೂವನ್ನು ತುಳಿಯಬಾರದು, ಕಳಚಿದ ಜನಿವಾರವನ್ನು ಹರಿಯುವ ನೀರಿಗೆ ಬಿಡಬೇಕು. ಸಯನ್‌ನಲ್ಲಿ ಯಾವ ಹೊಳೆ? ಸಮುದ್ರಕ್ಕೆ ಬಸ್ಸು ಹತ್ತಿ ಹೋಗಬೇಕು. ಮೋರಿಯ ನೀರೂ ಹರಿಯುತ್ತದೆಯಲ್ಲ ಎಂದು ನಾನು ದಿನವೂ ಜಾಲರಿ ಎತ್ತಿ, ಕೈಮುಗಿದು, ಅಲ್ಲಿಯೇ ಬಿಡುತ್ತಿದ್ದೆ. ನನ್ನ ಭಕ್ತಿಯೆಲ್ಲ ಆರು ವರ್ಷ ಶೆಟ್ಟರ ಖೋಲಿಯ ಬುಡದಲ್ಲಿ ಶೇಖರವಾಗಿತ್ತು.

ಕೆಳಗಿಳಿದೆ. ಶೆಟ್ಟರ ಜೇಬಿನ ಕಾಗದವನ್ನು ಕೇಳಿ ಪಡೆದು, ಎಲ್ಲರೆದುರಿಗೆ ನಾಲ್ಕು ಚೂರು ಮಾಡಿದೆ. "ಖೋಲಿ ಬಿಡಬ್ಯಾಡ್ರಿ. ನಂದ ತಪ್ಪಾತು" ಎಂದೆ. ಇಷ್ಟು ದೊಡ್ಡ ಮನಸ್ಸು ಮಾಡಿದ್ದಕ್ಕೆ ಅವರ ಕಣ್ಣಲ್ಲಿ ನೀರಾದರೂ ಬರಬಹುದೆಂದು ಕಾದೆ.

"ಆಯ್ತು ರಾಯರೇ" ಎಂದರು ಶೆಟ್ಟರು, ನನ್ನ ಕೈಗೆ ಪೊರಕೆ ಕೊಡುತ್ತ. "ಇವಳಿಗೆ ಬಗ್ಗಲಿಕ್ಕೆ ಆಗುವುದಿಲ್ಲ. ನಾನು ಈ ಬದಿ ತೊಳೀತೇನೆ, ನೀವು ಆ ಬದಿ."

ಶೆಟ್ಟರ ಹೆಂಡತಿ ಟ್ರಂಕಿನ ಮೇಲೆ ಕಾಲು ಮಡಚಿ ಕೂತಿದ್ದರು. ನಾನು ಉಜ್ಜಿದೆ, ನೀರು ಹಾಕಿದೆ, ಸೊಂಟ ಹಿಡಿದುಕೊಂಡು ಮೇಲೆದ್ದೆ. ಕಾಗದ ಹರಿದಾಗಲೇ ಎಲ್ಲ ಚೊಕ್ಕಟವಾಯಿತೆಂದು ನನ್ನ ಲೆಕ್ಕ. ಆಕೆ ಬೆರಳು ತೋರಿಸಿ, ಬಹಳ ಮರ್ಯಾದೆಯಿಂದ ಹೇಳಿದರು:

"ಅಲ್ಲಿ, ಮೂಲೆಯಲ್ಲಿ ಇನ್ನೂ ಉಂಟು ರಾಯರೇ."