ನನ್ನ ಪಕ್ಕದ ಚೌಕ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದೆ. ಭಾನುವಾರ ಮುಂಜಾನೆ ನಾವು ಐದು ಜನ ಗೆಳೆಯರು ಒಬ್ಬ ನಿವೃತ್ತ ಇತಿಹಾಸದ ಮಾಸ್ತರ ಪಡಸಾಲೆಯಲ್ಲಿ ಸೇರಿ ವಂಶಾವಳಿ ಹುಡುಕುವುದನ್ನು ಕಲಿಯುತ್ತಿದ್ದೆವು. ರಾಜರದಲ್ಲ, ನಮ್ಮದೇ. ಹೆಳವರು ಎತ್ತಿನ ಮೇಲೆ ಬಂದು ನಮ್ಮ ಕುಲ ಹೊಗಳಿ, ಹಿರಿಯರ ಹೆಸರು ಓದಿ, ಕಾಳು ಒಯ್ಯುವಾಗ ಬಾಯಿ ತೆರೆದು ಕೇಳಿದವರು ನಾವೆಲ್ಲ. ಮಾಸ್ತರಿಗೆ ಅಷ್ಟು ಸಾಲದು.

"ಹೆಳವರ ಪುಸ್ತಕದಾಗ ಗಂಡಸ್ರು ಅಷ್ಟ ಇರ್ತಾರ. ಹೆಣ್ಣುಮಕ್ಕಳನ್ನ ಹುಡುಕ್ರಿ. ಮೂರು ಮಂದಿನ್ನ ಬ್ಯಾರೆ ಬ್ಯಾರೆ ಕೇಳ್ರಿ. ಬರಕೊಂಡು ಬಂದು ಎಲ್ಲಾರ ಮುಂದ ಓದ್ರಿ" ಎನ್ನುತ್ತಿದ್ದರು. ಒಬ್ಬ ಓದಿದ್ದನ್ನು ಉಳಿದವರು ಕೆದಕಿ ಕೆದಕಿ ತಪ್ಪು ಹಿಡಿಯಬೇಕು. ಅದೇ ನಮ್ಮ ಪಾಠ.

ನನ್ನ ಸರದಿ ಬಂದಾಗ ಅಪ್ಪ, ಅವ್ವ, ಅವರ ಕೆಳಗೆ ಮೊದಲ ಚೌಕದಲ್ಲಿ ನನ್ನ ಹೆಸರು ಬರೆದು ಒಯ್ದಿದ್ದೆ. ಮಾಸ್ತರು ಕನ್ನಡಕ ಹಣೆಗೇರಿಸಿ ನಕ್ಕರು.

"ನೀ ಹಿರೇಮಗ ಹೆಂಗಾಗ್ತೀಯೋ? ನಿಂದು ತಿಪ್ಪಿ ಹೆಸರು."

ಹೌದು. ನಮ್ಮ ಕಡೆ ಕೂಸುಗಳು ಹುಟ್ಟಿ ಹುಟ್ಟಿ ಸತ್ತರೆ, ಮುಂದಿನದನ್ನು ತಿಪ್ಪೆಯ ಮೇಲೆ ಉರುಳಿಸಿ ಅದರದೇ ಹೆಸರಿಡುತ್ತಾರೆ. ಕಸವೆಂದು ಸಾವು ಮುಟ್ಟದೆ ಹೋಗಲಿ ಎಂದು. ಇಷ್ಟು ಗೊತ್ತಿದ್ದೂ, ನನಗಿಂತ ಮೊದಲು ಯಾರು ಹೋದರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಇಪ್ಪತ್ತು ವರ್ಷ ಆ ಹೆಸರು ಹೊತ್ತು ತಿರುಗಿದ ಕೋಣ ನಾನು.

ಮಾನ್ವಿಯಲ್ಲಿದ್ದ ಸೋದರತ್ತೆಯನ್ನು ಮೊದಲು ಕೇಳಿದೆ. "ಎರಡು ಗಂಡು ಹೋದ್ವಪಾ" ಎಂದಳು. ಗಬ್ಬೂರಿನ ಆಚೆ ನಮ್ಮ ಹಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದ ಮುದುಕಿ ಎರಡು ಬೆರಳು ಮಡಚಿ, ಸ್ವಲ್ಪ ತಡೆದು ಮೂರನೆಯದನ್ನೂ ಮಡಚಿದಳು. "ಒಂದು ಹೆಣ್ಣೂ ಇತ್ತು. ನಿಮ್ಮವ್ವನ್ನ ಕೇಳು."

ಅವ್ವ ಜೋಳ ಹಸನು ಮಾಡುತ್ತಿದ್ದಳು. ಕೇಳಿದ ಮೇಲೂ ಮೊರದಲ್ಲಿ ಅವಳ ಕೈ ಆಡುತ್ತಲೇ ಇತ್ತು.

"ಆಕಿಗಿ ಮೂರು ವರ್ಷ, ನೀ ಮೊಲಿ ಕುಡಿಯೋ ಕೂಸು. ಇಬ್ರಿಗೂ ಜ್ವರ. ನಿಮ್ಮಪ್ಪ ಕುರಿ ಹೊಡ್ಕೊಂಡು ದೂರ ಹೋಗಿದ್ದ. ದೇವದುರ್ಗದ ದವಾಖಾನಿಗೆ ನಡದ ಹೋಗಬೇಕು. ಇಬ್ರನ್ನೂ ಎತ್ಕೊಳ್ಳಾಕ ಆಗಲಿಲ್ಲ. ನಿನ್ನ ಎತ್ಕೊಂಡೆ. ಆಕಿನ್ನ ಬಾಜೂ ಮನ್ಯಾಗ ಮಲಗಿಸಿದೆ. ನಾನೂ ಬರ್ತೀನಿ ಅಂತ ಅಳಾಕತ್ತಿದ್ಳು. ತಿರುಗಿ ಬರೂದ್ರಾಗ ಮಣ್ಣು ಮಾಡಿದ್ರು."

ಅವಳು ಹೇಳುತ್ತಿದ್ದಾಗ ನಾನು ಬರೆದುಕೊಳ್ಳುತ್ತಿದ್ದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅಕ್ಕನ ಹೆಸರೇನು ಎಂದೆ. ಅವ್ವ ನನ್ನ ಹಾಳೆ ನೋಡಿದಳು.

"ಇವತ್ತು ಆಗೂದಿಲ್ಲ. ಮುಂದಿನ ಸಲ ಬಂದಾಗ ಹೇಳ್ತೀನಿ. ಆದ್ರ ಇದನ್ನ ನಾಕು ಮಂದಿ ಮುಂದ ಓದಬ್ಯಾಡ, ಯಪ್ಪಾ."

"ಇಲ್ಲವ್ವ" ಎಂದೆ.

ಭಾನುವಾರ ಓದಿದೆ. ಮಾಸ್ತರಿಗೆ ಹೆದರಿ ಓದಿದೆ ಎಂದರೆ ಸುಳ್ಳಾಗುತ್ತದೆ. ಹೊಗಳಿಸಿಕೊಳ್ಳುವ ಆಸೆ ನನಗೆ. ಯಾರೂ ತರದಂಥದ್ದನ್ನು ನಾನು ತಂದಿದ್ದೆ. ಮಾಸ್ತರು ಬೆನ್ನು ತಟ್ಟಿದರು. ಅತ್ತೆ ಎರಡೇ ಎಂದದ್ದೇಕೆ, ಮರೆತಳೋ, ಹೆಣ್ಣನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೋ ಎಂದು ಗೆಳೆಯರು ಬಹಳ ಹೊತ್ತು ಚರ್ಚಿಸಿದರು. ಗಬ್ಬೂರಿನವನೊಬ್ಬ, "ಗಂಡು ಅಂತ ನಿನ್ನ ಎತ್ಕೊಂಡ್ಳೋ, ಸಣ್ಣಾವ ಅಂತನೋ? ಅದನ್ನ ಕೇಳಬೇಕಿತ್ತು ನೋಡು" ಎಂದ. ನಾನು ಅದನ್ನೂ ಬರೆದುಕೊಂಡೆ.

ಗಡಿಗೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚಲಾದೀತೆ? ಹದಿನೈದು ದಿನದೊಳಗೆ ಗಬ್ಬೂರಿನಲ್ಲಿ ಯಾರೋ ಅವ್ವನನ್ನು ನಿಲ್ಲಿಸಿ ಅದೇ ಪ್ರಶ್ನೆ ಕೇಳಿದರು.

ಮುಂದಿನ ಸಲ ನಾನು ಹೋದಾಗ ಅವ್ವ ಬೈಯಲಿಲ್ಲ, ರೊಟ್ಟಿ ಹಾಕಿದಳು. ತಪ್ಪಾಯಿತು ಎಂದು ನಾನು ಅತ್ತುಬಿಟ್ಟೆ. ಅತ್ತು ಮುಗಿಸಿ, ನಾಚಿಕೆಯಿಲ್ಲದೆ ಮತ್ತೆ ಹೆಸರು ಕೇಳಿದೆ.

"ಆಕಿನ್ನ ಒಮ್ಮೆ ಬಿಟ್ಟು ಹೋದೆ. ಹೆಸರರೆ ನನ್ನ ಹತ್ತರ ಇರ್ಲಿ" ಎಂದಳು.

ಎಂಬತ್ತರ ದಶಕದಲ್ಲಿ ನನಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ನಾವು ಗೊತ್ತು ಮಾಡಿದ ಹೆಸರನ್ನು ನನ್ನ ತಂಗಿ ಕೂಸಿನ ಕಿವಿಯಲ್ಲಿ ಹೇಳಿದಳು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವ್ವ ಒಬ್ಬಳೇ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ನನ್ನನ್ನು ಕಂಡು ತೊಟ್ಟಿಲು ತೂಗತೊಡಗಿದಳು.

"ಏನಂದೆವ್ವ?"

"ಆಕಿಗಿ ಹೇಳೀನಿ" ಎಂದಳು ಅವ್ವ. "ಆಕಿ ಬರಕೊಳ್ಳೂದಿಲ್ಲ."